ದುಂಡು ಹದಿನಾರರ ಬೆನ್ನು ಹತ್ತಿ

ಒದ್ದೆ ಬಟ್ಟೆಯನ್ನು ಎರಡನೇ ಸಲ ಹಿಂಡಿಕೊಂಡು ಆಮ್ರಪಾಲಿ ಶಟರಿನ ಬಲಭಾಗಕ್ಕೆ ಸರಿಯುತ್ತಾರೆ. ಎಡಭಾಗ ಒರೆಸಿ ಮುಗಿದಿದೆ. ಅಲ್ಲಿ ಧೂಳಿನಡಿಯಿಂದ ‘ರೇಡಿಯೊ’ ಎಂಬ ನೀಲಿ ಅಕ್ಷರಗಳು ಎದ್ದು ಬಂದಿವೆ. ‘ರಿಪೇರಿ’ ಇನ್ನೂ ಮಸುಕಾಗಿಯೇ ಇದೆ. ಬೀದರಿನ ಹಳೇ ಪೇಟೆಯಲ್ಲಿ ಬೆಳಗಿನ ಆರೂಕಾಲು. ಸೈಕಲ್ಲಿಗೆ ಹಾಲಿನ ಕ್ಯಾನು ನೇತುಹಾಕಿಕೊಂಡು ಬಂದವನೊಬ್ಬ ಕಾಲೂರಿ ನಿಲ್ಲುತ್ತಾನೆ.

“ಏನ್ರಿ ಬಾಯಿ, ಮಂದಿ ಅಂಗಡಿ ತೊಳಿಲಿಕತ್ತೀರಿ? ನಮ್ಮ ಮನಿ ಅಂಗಳನೂ ಇಲ್ಲೇ ಸಮೀಪ ಅದ ನೋಡ್ರಿ.”

“ಅಂಗಳದಾಗ ಅಕ್ಷರ ಇದ್ರ ಹೇಳ್ರಿ, ಬರ್ತೇನಿ,” ಎನ್ನುತ್ತಾರೆ ಆಮ್ರಪಾಲಿ, ತಿರುಗಿಯೂ ನೋಡದೆ.

ಅವನು ನಗುತ್ತ ಪೆಡಲು ತುಳಿಯುತ್ತಾನೆ. ಇವರು ಹಿಂದೆ ಸರಿದು ಚರಂಡಿಯ ಕಲ್ಲಿನ ಮೇಲೆ ನಿಂತು ಮೊಬೈಲಿನಲ್ಲಿ ಮೂರು ಫೋಟೊ ತೆಗೆಯುತ್ತಾರೆ. ಇಡೀ ಶಟರಿನದೊಂದು, ‘ಡಿ’ಯ ಗುಡಿಸು ಬಾಲ ಎತ್ತಿರುವ ಜಾಗದ್ದೊಂದು, ಎದುರಿನ ಚಹಾದಂಗಡಿಯ ಬೆಂಚಿನಿಂದ ಕಾಣುವ ಹಾಗೆ ಇನ್ನೊಂದು. ಶಟರಿನ ಮೇಲಿನ ಅಕ್ಷರ ಅಂಗಡಿ ಮುಚ್ಚಿದಾಗಷ್ಟೇ ಕಾಣುತ್ತದೆ. ಒಂಬತ್ತಕ್ಕೆ ಮಾಲೀಕ ಬಂದು ಎತ್ತಿದನೆಂದರೆ ಸುರುಳಿಯೊಳಗೆ ಹೋಯಿತು. ಏಳು ದಾಟಿದರೆ ಬಿಸಿಲು ಬಿದ್ದು ತಗಡು ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ದಿನಕ್ಕೆ ಆಮ್ರಪಾಲಿಗೆ ಸಿಗುವುದು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಗಾಗಿ ಅವರು ನೌಬಾದಿನ ಮನೆಯಲ್ಲಿ ನಾಲ್ಕೂವರೆಗೆ ಏಳುತ್ತಾರೆ. ರೊಟ್ಟಿ ಬಡಿದು, ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಕಪಿಲನ ಡಬ್ಬಿ ಕಟ್ಟಿ, ಬಟ್ಟೆಯ ಚೂರೊಂದನ್ನು ಬ್ಯಾಗಿಗೆ ತುರುಕಿಕೊಂಡು ಮೊದಲ ಆಟೊ ಹಿಡಿಯುತ್ತಾರೆ.

ನಲವತ್ತೇಳರ ಆಮ್ರಪಾಲಿ ಬೀದರಿನ ಒಂದು ಹಳೆಯ ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕೆಲಸಕ್ಕಿದ್ದಾರೆ. ಹತ್ತೊಂಬತ್ತರ ವಯಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸಲು ಸೇರಿದವರು ಈಗ ಕಂಪ್ಯೂಟರಿನ ಮುಂದೆ ಕೂತು ಕಾರ್ಡು, ಕರಪತ್ರ, ಚೀಟಿಗಳನ್ನು ಹೊಂದಿಸುತ್ತಾರೆ. ಆದರೆ ಅವರ ಹೆಸರು ಹೇಳಿಕೊಂಡು ಜನ ಬರುವುದು ಅದಕ್ಕಲ್ಲ. ಯಾವ ಮಾದರಿಯ ಅಕ್ಷರ ಎಲ್ಲಿ, ಯಾವುದರ ಮೇಲೆ ಬಳಕೆಯಾಗಿದೆ ಎಂಬುದನ್ನು ಕಣ್ಣಾರೆ ನೋಡಿ ಹೇಳಬಲ್ಲವರು ಈ ಸೀಮೆಯಲ್ಲಿ ಅವರೊಬ್ಬರೇ.

ಇಲ್ಲಿನ ಗಿರಾಕಿ ಅಕ್ಷರದ ಹೆಸರು ಹೇಳುವುದಿಲ್ಲ, ಜಾಗ ಹೇಳುತ್ತಾನೆ. ‘ಕುತುಬೋದ್ದೀನನ ಅತ್ತರದ ಅಂಗಡಿ ಬೋರ್ಡಿನಾಗ ಅದಾವಲ್ಲ, ಅಂಥವು ಹಾಕ್ರಿ’ ಎನ್ನುತ್ತಾನೆ. ‘ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರಿನ ದವಾಖಾನಿ ಹೆಸರು ಹ್ಯಾಂಗ ಅದ, ಹಂಗ’ ಎನ್ನುತ್ತಾನೆ. ಮೊದಮೊದಲು ಆಮ್ರಪಾಲಿ ಹೂಂ ಎಂದು ಕೈಗೆ ಬಂದದ್ದನ್ನು ಹಾಕುತ್ತಿದ್ದರಂತೆ. “ಒಯ್ದು ನೋಡಿ ತಿರುಗಿ ತರ್ತಿದ್ರು ನೋಡ್ರಿ. ಅವರಿಗಿ ಹೆಸರು ಬರಲ್ಲ, ಆದ್ರ ಕಣ್ಣು ಬರೋಬ್ಬರಿ ಇರ್ತದ. ಆವಾಗ ತಿಳೀತು, ಕೂತಲ್ಲೇ ಆಗೋ ಕೆಲಸ ಅಲ್ಲ ಇದು.”

ಅಲ್ಲಿಂದ ದಫ್ತರಗಳು ಶುರುವಾದವು. ಈಗ ಇಪ್ಪತ್ತೇಳು ಇವೆ. ಉದ್ದನೆಯ, ಕೆಂಪು ಬೆನ್ನಿನ, ಕಚೇರಿಗಳಲ್ಲಿ ಬಳಸುವಂಥವು. ಸೋಪಿನ ಹೊದಿಕೆ, ಬಸ್ ಟಿಕೆಟು, ಬೀಜದ ಪೊಟ್ಟಣ, ಶಾಲೆಯ ಪ್ರಗತಿಪತ್ರ, ಚುನಾವಣೆಯ ಚೀಟಿ, ಬೋರ್ಡುಗಳ ಫೋಟೊ ಎಲ್ಲ ಸೇರಿ ಆರು ಸಾವಿರದ ಮೇಲಾಗಿವೆ. ಪ್ರತಿಯೊಂದರ ಕೆಳಗೂ ನಾಲ್ಕು ಸಾಲು: ಎಲ್ಲಿ, ಯಾವುದರ ಮೇಲೆ, ಯಾವಾಗ, ಯಾರು ಓದಿದರು. ನಾಲ್ಕನೆಯದು ಅವರದೇ ಸೇರ್ಪಡೆ. ಅಷ್ಟೂರಿನ ಗುಮ್ಮಟಗಳ ದಾರಿಯಲ್ಲಿರುವ ಫಲಕದ ಕೆಳಗೆ ‘ಪ್ರವಾಸಿಗರು ಇಂಗ್ಲಿಷ್ ಓದಿದರು, ಕನ್ನಡ ಓದಿದವನು ಎಮ್ಮೆ ಹೊಡೆದುಕೊಂಡು ಬಂದವನು’ ಎಂದಿದೆ. ಕುರಿಗಳಿಗೆ ಕುಡಿಸುವ ಔಷಧದ ಚೀಟಿಯ ಕೆಳಗೆ ‘ಯಾರೂ ಓದಲಿಲ್ಲ, ಬಾಟಲಿಯ ಬಣ್ಣ ನೋಡಿದರು’ ಎಂದಿದೆ.

ಇತ್ತೀಚೆಗೆ ದೂರದಿಂದಲೂ ಫೋನು ಬರುತ್ತವೆ. ಹೊಸ ಅಕ್ಷರ ಮಾಡುವವರಿಗೆ ತಮ್ಮ ಅಕ್ಷರ ನಿಜವಾದ ಬೀದಿಯಲ್ಲಿ, ನಿಜವಾದ ಹಾಲಿನ ಪೊಟ್ಟಣದ ಮೇಲೆ ಹೇಗೆ ಕಾಣುತ್ತದೆ ಎಂದು ನೋಡಬೇಕಿರುತ್ತದೆ. ಆಮ್ರಪಾಲಿ ಹುಡುಕಿ ಕಳಿಸುತ್ತಾರೆ. ಹಾಗೆ ಪರಿಚಯವಾದವರಲ್ಲಿ ನರಸಿಂಗ ಒಬ್ಬ. ಔರಾದ ಕಡೆಯವನು, ಹೈದರಾಬಾದಿನಲ್ಲಿ ಅಕ್ಷರ ವಿನ್ಯಾಸದ ಒಂದು ಸಣ್ಣ ತಂಡದಲ್ಲಿದ್ದಾನೆ. ಸೀಸದ ಕಾಲದ ಕನ್ನಡ ಅಕ್ಷರಗಳಲ್ಲಿ ಒಂದನ್ನು ಆರಿಸಿ ಕಂಪ್ಯೂಟರಿಗೆ ತರುವುದು ಅವರ ಈ ವರ್ಷದ ಕೆಲಸ.

ನರಸಿಂಗನ ಮನಸ್ಸು ನಿಂತದ್ದು ಆಮ್ರಪಾಲಿಯ ಒಂಬತ್ತನೆಯ ದಫ್ತರದಲ್ಲಿರುವ ಒಂದು ಅಕ್ಷರದ ಮೇಲೆ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಅದರ ಮೊಳೆಗಳು ಇನ್ನೂ ಮರದ ಕೇಸಿನ ಗೂಡುಗಳಲ್ಲಿವೆ. ಮೊಳೆ ಜೋಡಿಸುವ ಹಳೆಯ ಕಂಪೋಸಿಟರುಗಳು, ಹದಿನಾರು ಪಾಯಿಂಟಿನ ಅಳತೆಯದಾದ್ದರಿಂದ, ಅದನ್ನು ‘ದುಂಡು ಹದಿನಾರು’ ಎನ್ನುತ್ತಿದ್ದರು. ಹೊಟ್ಟೆ ತುಂಬಿದ, ಎಲ್ಲೂ ಗಡಿಬಿಡಿಯಿಲ್ಲದ ಅಕ್ಷರ. ತಲೆಕಟ್ಟು ಮಾತ್ರ ತುದಿಯಲ್ಲಿ ತುಸು ಮೇಲಕ್ಕೆದ್ದಿರುತ್ತದೆ, ಯಾರೋ ಕರೆದಾಗ ಕತ್ತೆತ್ತಿದ ಹಾಗೆ. ತೊಡಕೆಂದರೆ, ದಫ್ತರದಲ್ಲಿ ಅದರ ಮಾದರಿಗಳು ನಲವತ್ತೊಂದಿವೆ ಮತ್ತು ನಲವತ್ತೊಂದೂ ದಿವಸದ ಕಾರ್ಡುಗಳು. ಸತ್ತವರ ಹನ್ನೊಂದನೆಯ, ಹದಿಮೂರನೆಯ ದಿನಕ್ಕೆ ನೆಂಟರನ್ನು ಕರೆಯುವಂಥವು.

“ನಮ್ಮ ತಂಡದವರು ಒಪ್ಪವಲ್ರು ಅಕ್ಕ,” ಎಂದು ನರಸಿಂಗ ಫೋನಿನಲ್ಲಿ ಹೇಳಿದ. “ಸಾವಿಗಿ ಬಿಟ್ರ ಬ್ಯಾರೆ ಎಲ್ಲೂ ಬಳಸಿಲ್ಲಾ ಅಂದ್ರ ಯಾರು ತಗೋತಾರ ಅಂತಾರ. ಒಂದು ತೋರಸ್ರಿ. ಒಂದೇ. ಲಗ್ನದ್ದಿರಲಿ, ತೊಟ್ಟಲದ್ದಿರಲಿ, ಕಿರಾಣಿ ಚೀಟಿ ಆದ್ರೂ ಆಗಲಿ. ತಿಂಗಳ ಕೊನಿಯೊಳಗ ಸಿಕ್ರ ನಾ ಜಗಳಾಡಿ ಒಪ್ಪಸ್ತೇನಿ.”

ತಿಂಗಳ ಕೊನೆಗೇ ಹಿಂದಿನ ಕೋಣೆಯಲ್ಲಿ ಹೊಸ ಫ್ಲೆಕ್ಸ್ ಯಂತ್ರ ಕೂರಬೇಕಿದೆ. ಮುದ್ರಣಾಲಯದ ಮಾಲೀಕ ಒವೈಸ ಸೀಸವನ್ನೆಲ್ಲ ಗುಜರಿಗೆ ಕೊಡುವುದಾಗಿ ಹೇಳಿದ್ದಾನೆ. ಅಲ್ಲಿಗೆ ದುಂಡು ಹದಿನಾರು ಕರಗಿ ಬ್ಯಾಟರಿಯೊಳಗೆ ಹೋಗುತ್ತದೆ. ಒವೈಸ ಕೆಟ್ಟವನಲ್ಲ. ತೀರಿಹೋದ ತಂದೆ ರಶೀದ ಅಹ್ಮದರು ಆಮ್ರಪಾಲಿಯನ್ನು ಕೂರಿಸಿ ಕೆಲಸ ಕಲಿಸಿದವರು ಎಂಬುದು ಅವನಿಗೆ ನೆನಪಿದೆ. “ಜಾಗ ಇಲ್ಲ ಅಕ್ಕ, ಏನ್ ಮಾಡ್ಲಿ? ತಲಿ ಮ್ಯಾಲ ಇಟ್ಕೊಳ್ಳಲೇನು?” ಎಂದ ಅಷ್ಟೇ.

ಈ ಅಕ್ಷರಕ್ಕಾಗಿ ಆಮ್ರಪಾಲಿ ಇಷ್ಟು ಓಡಾಡುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಅವರು ಸುಲಭವಾಗಿ ಹೇಳುವವರಲ್ಲ.

ಹತ್ತೊಂಬತ್ತು ವರ್ಷಗಳ ಹಿಂದೆ ಭಾಲ್ಕಿ ತಾಲೂಕಿನ ಹಲಬರ್ಗಾದಿಂದ ಒಂದು ಲಗ್ನದ ಕಾರ್ಡು ಬಂದಿತ್ತು. ಕುರಿ ಸಾಕುವ, ಒಣಬೇಸಾಯದ ಮನೆ. ತಾಯಿ ಅಂಜನಾಬಾಯಿ, ಲಗ್ನ ಮಗಳು ಮೇಘಾಳದು. ಯಾವ ಅಕ್ಷರ ಬೇಕೆಂದು ಅವರು ಹೇಳಿರಲಿಲ್ಲ. ಆಮ್ರಪಾಲಿ ತಮಗೆ ಎಲ್ಲಕ್ಕಿಂತ ಚಂದ ಕಂಡದ್ದನ್ನು ಕಟ್ಟಿದರು: ದುಂಡು ಹದಿನಾರು. ನಾನೂರು ಕಾರ್ಡು. ಅಂಜನಾಬಾಯಿಗೆ ಓದು ಬಾರದು. ಆದರೆ ಆ ಲಗ್ನಕ್ಕೆ ಎರಡು ವರ್ಷ ಮೊದಲು ಗಂಡ ವೈಜಿನಾಥ ತೀರಿಕೊಂಡಾಗ ಇದೇ ಅಕ್ಷರದ ಮುನ್ನೂರು ಕಾರ್ಡು ಅವರ ಪಡಸಾಲೆಯಲ್ಲಿ ಎರಡು ದಿನ ಬಿದ್ದಿದ್ದವು. ಹೊಸ ಕಟ್ಟು ಬಿಚ್ಚಿದಾಗ ಆಕೆ ಮಾರುದೂರದಿಂದ ನೋಡಿ ಕೇಳಿದ್ದು ಒಂದೇ ಮಾತು: “ಯಾರ ದಿವಸದ್ದವ್ವ ಇದು?”

ಆಮೇಲೆ ಮನೆಯಲ್ಲಿ ಅಳು. ಸಂಜೆ ಗಂಡಸರು ಕಾರ್ಡಿನ ಕಟ್ಟುಗಳನ್ನು ತಂದು ಮುದ್ರಣಾಲಯದ ಮೆಟ್ಟಿಲ ಮೇಲೆ ಎಸೆದು ಹೋದರು. ಮರುದಿನ ಅಂಜನಾಬಾಯಿ ತಾವೇ ಬಂದು, ಪೇಟೆಯ ನಡುವೆ ನಿಂತು, ನಿನ್ನ ಮಗಳ ಲಗ್ನಕ್ಕ ಯಾರಾದ್ರೂ ಹಿಂಗ ಮಾಡಲಿ ಎಂದರು. ಆಗ ಆಮ್ರಪಾಲಿಯ ಮಗಳು ಪ್ರಣಾಲಿಗೆ ಐದು ವರ್ಷ. ರಶೀದ ಅಹ್ಮದರು ಬೈಯಲಿಲ್ಲ. ಹಿಂದಕ್ಕೆ ಬಂದ ಕಟ್ಟುಗಳನ್ನು ಒಂದು ಪ್ರತಿಯೂ ಉಳಿಯದಂತೆ ಸುಡಿಸಿ, ಬೇರೆ ಅಕ್ಷರದಲ್ಲಿ ಕಾರ್ಡು ಮಾಡಿಸಿ ತಾವೇ ಒಯ್ದು ಕೊಟ್ಟು ಬಂದರು. ಮೇಘಾ ಗಂಡನ ಮನೆಯಲ್ಲಿ ಚೆನ್ನಾಗಿಯೇ ಇದ್ದಾಳೆ. ಆದರೆ ಪೇಟೆಯವರ ಬಾಯಿಗೆ ಮಾತು ಸಿಕ್ಕಿತು. ಇಂದಿಗೂ ಹಳೆಯ ಗಿರಾಕಿಗಳು ಚಹಾ ಕುಡಿಯುತ್ತ ಕೆಣಕುತ್ತಾರೆ: “ನೋಡಿ ಹಾಕವ್ವ ಆಮ್ರಪಾಲಿ, ನಮ್ಮ ಹುಡುಗ ಇನ್ನಾ ಬದುಕ್ಯಾನ.”

“ನಾಲ್ಕನೇ ಸಾಲು ಬರಿಲಿಕ್ಕ ಶುರು ಮಾಡಿದ್ದೇ ಆವಾಗ,” ಎನ್ನುತ್ತಾರೆ ಅವರು. “ಎಲ್ಲಿ ಬಳಸ್ಯಾರ ಅಂತ ನೋಡಿದ್ರ ಸಾಲಲ್ಲ. ಯಾರು ಓದ್ಯಾರ, ಓದೋ ಮುಂದ ಅವರ ಮನ್ಯಾಗ ಏನಾಗಿತ್ತು, ಅದನೂ ನೋಡಬೇಕು.” ಒಂಬತ್ತನೆಯ ದಫ್ತರದ ಆ ಪುಟದ ತಲೆಗೆ ಕೆಂಪು ಶಾಯಿಯಲ್ಲಿ ‘ಲಗ್ನಕ್ಕೆ ಹಾಕಬಾರದು’ ಎಂದು ಅವರೇ ಬರೆದಿಟ್ಟಿದ್ದಾರೆ. ಒಳ್ಳೆಯ ಅಕ್ಷರವನ್ನು ತಾವೇ ಹೊರಗಿಟ್ಟೆವು ಎಂಬುದು ಅವರನ್ನು ಒಳಗೊಳಗೇ ಕೊರೆಯುತ್ತ ಬಂದಿದೆ.

ಹುಡುಕಾಟ ಔರಾದದಿಂದ ಶುರುವಾಯಿತು. ಎರಡು ಭಾನುವಾರ, ಇಪ್ಪತ್ತೆರಡು ಮನೆ. ಹಳೆಯ ಮನೆಗಳಲ್ಲಿ ಕಾಗದ ಪತ್ರಗಳನ್ನು ಕೊಕ್ಕೆಯ ತಂತಿಗೆ ಪೋಣಿಸಿ ಗೂಟಕ್ಕೆ ನೇತುಹಾಕಿರುತ್ತಾರೆ. ಒಂದೊಂದು ತಂತಿಯಲ್ಲೂ ಮೂವತ್ತು ನಲವತ್ತು ವರ್ಷ. ಆಮ್ರಪಾಲಿ ಅಂಗಳದಲ್ಲಿ ಕೂತು ಒಂದೊಂದನ್ನೇ ಬಿಡಿಸಿ ನೋಡಿ, ಅದೇ ಕ್ರಮದಲ್ಲಿ ಮತ್ತೆ ಪೋಣಿಸಿ ಕೊಟ್ಟರು. ಅರಿಸಿನದ ಬೆರಳಿನ ಗುರುತಿದ್ದ ಲಗ್ನದ ಕಾರ್ಡುಗಳು ರಾಶಿ ಸಿಕ್ಕವು, ಎಲ್ಲವೂ ಹೈದರಾಬಾದಿನ ಬಣ್ಣದ ಮುದ್ರಣ. ದುಂಡು ಹದಿನಾರು ಒಂದೂ ಇಲ್ಲ. ಇರುವುದಾದರೂ ಹೇಗೆ? ದಿವಸದ ಕಾರ್ಡನ್ನು ಯಾರೂ ಮನೆಯೊಳಗೆ ಇಡುವುದಿಲ್ಲ. ಓದಿ, ಹರಿದು, ಹೊಸ್ತಿಲ ಆಚೆ ಹಾಕುತ್ತಾರೆ. ಅಚ್ಚಾದ ಪ್ರತಿಯೊಂದರದೂ ಒಂದು ಪ್ರತಿ ಮುದ್ರಣಾಲಯದಲ್ಲಿ ಉಳಿಯುವುದರಿಂದಷ್ಟೇ ಆಮ್ರಪಾಲಿಯ ಬಳಿ ನಲವತ್ತೊಂದಿವೆ. ಅವರ ಅತ್ತೆ ಬದುಕಿರುವವರೆಗೆ ಒಂಬತ್ತನೆಯ ದಫ್ತರವನ್ನು ನೌಬಾದಿನ ಮನೆಯ ಬಾಗಿಲು ದಾಟಿಸಲು ಬಿಡಲಿಲ್ಲ.

“ಇಪ್ಪತ್ತೆರಡನೇ ಮನ್ಯಾಗ ಒಬ್ಬಾಕಿ ಕೇಳಿದ್ಲು, ಬಾಯಿ, ಏನ್ ಕಳ್ಕೊಂಡೀರಿ ಅಂತ,” ಎಂದು ಆಮ್ರಪಾಲಿ ನಗುತ್ತಾರೆ. “ನಾ ಏನ್ ಹೇಳ್ಲಿ? ಕಳ್ಕೊಂಡಿದ್ದಲ್ರಿ, ಇತ್ತೋ ಇಲ್ಲೋ ಅಂತ ನೋಡ್ಲಿಕತ್ತೇನಿ ಅಂದೆ. ಪಾಪ, ನನಗ ತಲಿ ಕೆಟ್ಟದ ಅಂದ್ಕೊಂಡು ಮಜ್ಜಿಗಿ ಕುಡಿಸಿ ಕಳಿಸಿದ್ಲು.”

ತಿಂಗಳಲ್ಲಿ ಹನ್ನೆರಡು ದಿನ ಉಳಿದಿದ್ದಾಗ ಅವರು ಭಾಲ್ಕಿಗೆ ಹೋದರು. ದುಂಡು ಹದಿನಾರನ್ನು ರಶೀದ ಅಹ್ಮದರು ಕೊಂಡಿದ್ದು ಭಾಲ್ಕಿಯಲ್ಲಿ ಮುಚ್ಚಿಹೋದ ಒಂದು ಪ್ರೆಸ್ಸಿನಿಂದ. ಅಲ್ಲಿ ಮೊಳೆ ಜೋಡಿಸುತ್ತಿದ್ದ ಕರೀಮ ಸಾಬರಿಗೆ ಈಗ ಎಂಬತ್ತೊಂದು. ಕಿವಿ ಮಂದ, ನೆನಪು ಚುರುಕು. ಆಮ್ರಪಾಲಿ ಒಂದು ‘ಮ’ ಮೊಳೆಯನ್ನು ಅವರ ಅಂಗೈಯಲ್ಲಿಟ್ಟರು. ಅವರು ನೋಡಲಿಲ್ಲ; ಹೆಬ್ಬೆರಳಿನಿಂದ ಸವರಿ, “ಅರೆ, ಇದು ನಮ್ಮ ಪೋರಿ,” ಎಂದರು.

“ಚಾಚಾ, ಇದು ಬರೇ ದಿವಸಕ್ಕೇ ಹಾಕ್ತಿದ್ರೇನು?”

“ಯಾರ ಅಂದ್ರು ಬೇಟಿ? ಇದು ಬಂದಿದ್ದೇ ಲಗ್ನಕ್ಕಂತ. ಸೇಠ ಸೋಲಾಪುರಕ್ಕ ಹೋಗಿ ತಂದಿದ್ದ. ಆಮ್ಯಾಲ ಹೈದರಾಬಾದಿನ ಬಣ್ಣದ ಕಾರ್ಡು ಬರಲಿಕತ್ತವು. ಲಗ್ನ ಅಂದ್ರ ಎರಡು ತಿಂಗಳು ಟೈಮ್ ಇರ್ತದ, ಮಂದಿ ಅಲ್ಲಿಗಿ ಹೋದ್ರು. ಸತ್ತ ಮ್ಯಾಲ ಎಷ್ಟು ದಿನ ಇರ್ತಾವ? ಹತ್ತ. ಹತ್ತು ದಿನದಾಗ ಕಾರ್ಡು ಊರೂರಿಗಿ ಮುಟ್ಟಬೇಕು. ಅದಕ್ಕ ನಾವೇ ಗತಿ. ನಮ್ಮ ಹಂತೇಲಿ ಸವೀಲಾರದ ಮೊಳಿ ಇದೊಂದೇ ಉಳಿದಿತ್ತು, ಇದನ್ನೇ ಕಟ್ಟಿದ್ವಿ. ಅಕ್ಷರದ್ದೇನು ತಪ್ಪಿಲ್ಲ. ಅವಸರದ್ದು.”

ಆಮ್ರಪಾಲಿ ಆ ‘ಮ’ ಮೊಳೆಯನ್ನು ತಿರುಗಿ ಕೈಗೆ ತೆಗೆದುಕೊಂಡರು. ಹತ್ತೊಂಬತ್ತು ವರ್ಷ ತಮ್ಮ ಕಣ್ಣಿನದೇ ದೋಷ ಎಂದುಕೊಂಡದ್ದು ಹೀಗೆ ಒಬ್ಬ ಮುದುಕನ ಮಂಚದ ಪಕ್ಕದಲ್ಲಿ ಬಿಡಿಸಿಕೊಳ್ಳುತ್ತಿತ್ತು. ಆಮೇಲೆ ಕೇಳಿದರು: ಹಾಗೆ ಕಟ್ಟಿದ ಲಗ್ನದ ಕಾರ್ಡು ಯಾರ ಮನೆಯಲ್ಲಾದರೂ ಇದ್ದೀತೇ?

ಕರೀಮ ಸಾಬರು ಕಣ್ಣು ಮುಚ್ಚಿದರು. “ಹಲಬರ್ಗಾದ ಕುರಿ ಮಂದಿದು ಒಂದು ಪಕ್ಕಾ ನೆನಪದ. ಹುಡುಗನ ಹೆಸರು ವೈಜಿನಾಥ. ಅವರಪ್ಪ ಖುಷಿಯಾಗಿ ಒಂದು ಟಗರಿನ ಮರಿ ತಂದು ಪ್ರೆಸ್ಸಿನ ಬಾಗಿಲಿಗಿ ಕಟ್ಟಿ ಹೋದ. ಎಂಟು ದಿನ ಮೊಳಿ ಬಿಟ್ಟು ಮರಿ ಕಾದೇನಿ. ಒಂದು ಪ್ರೂಫೂ ತಿಂತು ಹರಾಮಖೋರ.”

ವೈಜಿನಾಥ. ಅಂಜನಾಬಾಯಿಯ ಗಂಡ. ಜಿಲ್ಲೆಯಲ್ಲಿ ಯಾವ ಮನೆಯ ಬಾಗಿಲನ್ನು ಆಮ್ರಪಾಲಿ ತುಳಿಯಲಾರರೋ, ಆ ಮನೆಯ ಕಾರ್ಡು.

ಅವರು ಬೀದರಿಗೆ ಮರಳಿದರು. ನಾಲ್ಕು ದಿನ ಹೋಗಲಿಲ್ಲ. ಕೆಲಸವಿದೆ ಎಂದುಕೊಂಡರು, ಬಿಸಿಲು ಎಂದುಕೊಂಡರು. ನರಸಿಂಗನ ಫೋನು ಎರಡು ಸಲ ಎತ್ತಲಿಲ್ಲ. ಮನೆಯಲ್ಲಿ ಲಗ್ನದ ಗಡಿಬಿಡಿಯೂ ಇತ್ತು. ಪ್ರಣಾಲಿ ಈಗ ಇಪ್ಪತ್ತನಾಲ್ಕರ ನರ್ಸ್. ವೈಶಾಖ ಹುಣ್ಣಿಮೆಯ ಮರುವಾರ ಅವಳ ಲಗ್ನ. ಕಾರ್ಡು ಹೊಡೆಸುವುದೇ ಬೇಡ ಎಂದು ಹುಡುಗ ಹುಡುಗಿ ನಿರ್ಧರಿಸಿದ್ದಾರೆ, ಎಲ್ಲರಿಗೂ ಫೋನಿನಲ್ಲೇ ಕಳಿಸುವುದು.

“ಮಮ್ಮಿ, ನೋಡು, ಹೂವು ತಾವೇ ಉದುರ್ತಾವ,” ಎಂದು ಪ್ರಣಾಲಿ ಫೋನು ಮುಂದೆ ಹಿಡಿದಳು.

“ಅಕ್ಷರ ಯಾವುದು?”

“ಅಯ್ಯ, ಯಾರ ಅಕ್ಷರ ನೋಡ್ತಾರ ಮಮ್ಮಿ?”

ಕಪಿಲ ರೊಟ್ಟಿ ಮುರಿಯುತ್ತ, “ಅದನ್ನ ನಿಮ್ಮವ್ವನ ಮುಂದ ಅನ್ನಬ್ಯಾಡ, ನಾಳಿ ಬೆಳಿಗ್ಗಿ ನನಗ ಡಬ್ಬಿ ಸಿಗಲ್ಲ,” ಎಂದ. ಮೂವರೂ ನಕ್ಕರು. ನಗುವಾಗಲೇ ಆಮ್ರಪಾಲಿಗೆ ಅನಿಸಿದ್ದು, ಬೇರೆಯವರ ಮಗಳ ಲಗ್ನದ ಅಕ್ಷರಕ್ಕೆ ಇಷ್ಟು ವರ್ಷ ಹೆದರಿದ ತಾನು ಸ್ವಂತ ಮಗಳ ಲಗ್ನಕ್ಕೆ ಒಂದು ಅಕ್ಷರವನ್ನೂ ಕಟ್ಟುತ್ತಿಲ್ಲ ಎಂದು. ಮರುದಿನ ಅವರು ಹಲಬರ್ಗಾದ ಬಸ್ಸು ಹತ್ತಿದರು.

ಅಂಜನಾಬಾಯಿ ಹಟ್ಟಿಯ ಮುಂದೆ ಕೂತು ಕಾಲು ಮುರಿದ ಮರಿಯೊಂದಕ್ಕೆ ಬಿದಿರ ಚಕ್ಕೆ ಕಟ್ಟುತ್ತಿದ್ದರು. ಅರವತ್ತು ದಾಟಿದ, ಒಣಗಿದ, ಗಟ್ಟಿಯಾದ ಜೀವ. ಬಂದವರನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ಯಾರ ಮಂದಿಯವ್ವ?”

“ಬೀದರಿಂದ ಬಂದೇನ್ರಿ ಆಯಿ. ಪ್ರೆಸ್ಸಿನಾಕಿ.”

ಕೈ ನಿಂತಿತು. “ದಿವಸದ ಅಕ್ಷರದಾಕಿ ಅಲ್ಲೇನ ನೀ?”

“ಹೌದ್ರಿ. ಆಕೀನೇ.”

“ಮತ್ಯಾಕ ಬಂದಿ?”

ಸುತ್ತಿ ಬಳಸಿ ಹೇಳಲು ಆಮ್ರಪಾಲಿಗೆ ಬರುವುದಿಲ್ಲ. ನಿಮ್ಮ ಲಗ್ನದ ಕಾರ್ಡು ಇದ್ದರೆ ನೋಡಬೇಕು ಎಂದರು. ಅಂಜನಾಬಾಯಿ ಮರಿಯ ಕಾಲಿಗೆ ಕೊನೆಯ ಗಂಟು ಹಾಕಿದರು. ಆಮೇಲೆ, “ಇದನ್ನ ಹಿಡಿ,” ಎಂದು ಮರಿಯನ್ನು ಇವರ ಮಡಿಲಿಗಿಟ್ಟು ಒಳಗೆ ಹೋದರು. ಟ್ರಂಕಿನ ಸದ್ದು ಬಹಳ ಹೊತ್ತು ಕೇಳಿಸಿತು.

ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಬಂತು. ಮೇಲೆ ಗಂಡನ ಭೂಮಿಯ ಕಾಗದ, ಮೇಘಾಳ ಶಾಲೆಯ ಸರ್ಟಿಫಿಕೇಟು. ಎಲ್ಲಕ್ಕಿಂತ ಕೆಳಗೆ, ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ಗುಲಾಬಿ ಬಣ್ಣದ ಒಂದು ಕಾರ್ಡು, ಬಟ್ಟೆಯ ಮಡಿಕೆಯ ಗೆರೆ ಅದರ ಮೇಲೂ ಬಿದ್ದಿತ್ತು. ಸಾವಿರದ ಒಂಬೈನೂರ ಎಪ್ಪತ್ತೆಂಟು. ಆಮ್ರಪಾಲಿ ಓದುವ ಮೊದಲೇ ತಲೆಕಟ್ಟುಗಳನ್ನು ಕಂಡರು. ತುದಿಯಲ್ಲಿ ತುಸು ಮೇಲಕ್ಕೆದ್ದವು.

ಈ ಗಳಿಗೆ ಬಂದರೆ ಏನು ಹೇಳಬೇಕೆಂದು ಅವರು ಎಷ್ಟೋ ಸಲ ಮನಸ್ಸಿನಲ್ಲೇ ಮಾತು ಜೋಡಿಸಿದ್ದುಂಟು.  ಹೇಳುವ ಅಗತ್ಯವೇ ಬೀಳಲಿಲ್ಲ. ಓದಲು ಬಾರದ ಅಂಜನಾಬಾಯಿ ಕಾರ್ಡನ್ನು ಕೈದೂರ ಹಿಡಿದು ತಾವೇ ಅಂದರು:

“ಇದೂ ಅದೇ ಅದ.”

“ಹೌದ್ರಿ ಆಯಿ.”

“ಟ್ರಂಕಿನಾಗಿಟ್ಟು ಇಷ್ಟು ವರ್ಷಾತು, ಬಿಚ್ಚಿ ನೋಡೇ ಇಲ್ಲ ನಾ. ಆವತ್ತನೂ ನೋಡಿಲ್ಲ. ಕಾರ್ಡು ಊರಿಗೆಲ್ಲ ಹೋತು. ಲಗ್ನದ ಹುಡುಗಿ ಕೈಯಾಗ ಯಾರ ಕೊಡ್ತಾರವ್ವ? ನಮ್ಮತ್ತಿ ಸತ್ತ ಮ್ಯಾಲ ಆಕಿ ಗಂಟಿನಾಗ ಸಿಕ್ತು.” ಕಾರ್ಡನ್ನು ಆಮ್ರಪಾಲಿಯ ಕಡೆ ಚಾಚಿ, “ಓದು. ಏನ್ ಬರದಾರ?” ಎಂದರು.

ಆಮ್ರಪಾಲಿ ಓದಿದರು. ಮೇಲಿನ ದೇವರ ಹೆಸರಿನಿಂದ ಹಿಡಿದು ಕೆಳಗೆ ಸಣ್ಣಕ್ಕಿದ್ದ ಪ್ರೆಸ್ಸಿನ ಹೆಸರಿನವರೆಗೆ, ಒಂದನ್ನೂ ಬಿಡದೆ. ‘ಚಿ. ಕುಂ. ಸೌ. ಅಂಜನಾಬಾಯಿ’ ಎಂಬಲ್ಲಿ ಮುದುಕಿ ಕೈ ಅಡ್ಡ ತಂದರು. “ಎಲ್ಲಿ? ಬಟ್ಟು ಇಟ್ಟು ತೋರ್ಸು.” ಆಮ್ರಪಾಲಿ ಬೆರಳಿಟ್ಟರು. ಅಂಜನಾಬಾಯಿ ಆ ಸಾಲನ್ನು ನೋಡಿದರು. ಅವರ ಪಾಲಿಗೆ ಅದು ಅರ್ಥವಾಗದ ಗೆರೆಗಳೇ. ಆದರೂ ಬಹಳ ಹೊತ್ತು ನೋಡಿದರು.

“ಭಾಳ ಅಂದೇನಿ ನಿನಗ ಆವತ್ತ. ನಿನ್ನ ಮಗಳಿಗೂ ಅಂದೆ.”

“ಹೋಗ್ಲಿ ಬಿಡ್ರಿ.”

“ಬಿಡೋದೇನು, ಅಂದಿದ್ದು ತಪ್ಪು. ಆದ್ರ ಕಾರ್ಡು ತಿರುಗಿ ಕಳಸಿದ್ದು ತಪ್ಪಲ್ಲ ನೋಡು. ನನ್ನ ಲಗ್ನದ್ದು ನಾ ನೋಡಿರಲಿಲ್ಲ. ಅವರು ಹೋದಾಗಿನ್ದು ನೋಡಿದ್ದೆ. ಇವತ್ತ ಮತ್ತ ಮೇಘಾಂದು ತಂದ್ರನೂ ನಾ ಬ್ಯಾಡೇ ಅಂತೇನಿ.”

ಆಮ್ರಪಾಲಿ ತಲೆಯಾಡಿಸಿದರು.  ತಮ್ಮ ನಾಲ್ಕನೆಯ ಸಾಲಿನಲ್ಲಿ ಇಷ್ಟು ವರ್ಷ ಬರೆಯುತ್ತ ಬಂದದ್ದೂ ಇದನ್ನೇ ಅಲ್ಲವೇ. ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದರು. ಇದು ಹೈದರಾಬಾದಿಗೆ ಹೋಗುತ್ತದೆ, ಆಮೇಲೆ ಎಲ್ಲರೂ ನೋಡುತ್ತಾರೆ ಎಂದೂ ಹೇಳಿದರು.

“ನನ್ನ ಹೆಸರು ಕಾಣತದೇನು?”

“ಕಾಣ್ತದ್ರಿ.”

“ಕಾಣಲಿ,” ಎಂದರು ಅಂಜನಾಬಾಯಿ. ಕಾರ್ಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತುವಾಗ ಅದನ್ನು ಅಡಿಗೆ ಇಡಲಿಲ್ಲ. ಭೂಮಿಯ ಕಾಗದದ ಮೇಲಿಟ್ಟರು.

ಅಂದೇ ಸಂಜೆ ನರಸಿಂಗನ ಫೋನು ಬಂತು. ಆಮ್ರಪಾಲಿ ಬಸ್ಸಿನಿಂದಲೇ ಕಳಿಸಿದ ಫೋಟೊ ಅವನನ್ನು ಮುಟ್ಟಿತ್ತು. “ಇದು ಸಾಕು ಅಕ್ಕ. ಎಲ್ಲಾರೂ ಒಪ್ಯಾರ. ಮೊಳಿ ಗುಜರಿಗಿ ಕೊಡಬ್ಯಾಡ್ರಿ ಅಂತ ಒವೈಸ ಭಾಯಿಗಿ ಹೇಳ್ರಿ, ಶನಿವಾರ ನಾನೇ ಗಾಡಿ ತಗೊಂಡು ಬರ್ತೇನಿ.” ಅಕ್ಷರಕ್ಕೆ ಜೊತೆಗೆ ಬರುವ ಪುಸ್ತಿಕೆಯಲ್ಲಿ ನಿಮ್ಮ ಹೆಸರು ಹಾಕುತ್ತೇವೆ ಎಂದೂ ಹೇಳಿದ. “ಹಾಕ್ರಿ,” ಎಂದರು ಆಮ್ರಪಾಲಿ. “ಕರೀಮ ಚಾಚಾಂದೂ ಹಾಕ್ರಿ. ಮತ್ತ ಆ ನಲವತ್ತೊಂದನೂ ಹಾಕ್ರಿ, ತೆಗಿಬ್ಯಾಡ್ರಿ. ಅವೂ ಮಂದಿ ಓದಿದ್ದೇ ಅಲ್ರಿ.”

ಹೀಗೆ ಒಂದು ಅಕ್ಷರ ಉಳಿಯಿತು. ಪೇಟೆಗೆ ಇದೇನೂ ಗೊತ್ತಿಲ್ಲ. ಗಿರಾಕಿಗಳು ಎಂದಿನಂತೆ ಬರುತ್ತಾರೆ. ಬೋರ್ಡು ಹೇಳುತ್ತಾರೆ, ಅಂಥದ್ದೇ ಬೇಕೆನ್ನುತ್ತಾರೆ. ನಿಮಗೇನಾದರೂ ಆಸೆಯಿದೆಯೇ ಎಂದರೆ ಆಮ್ರಪಾಲಿ ಯೋಚಿಸಿ, “ದಫ್ತರ ಇಡ್ಲಿಕ್ಕ ಒಂದು ಕಪಾಟು ಸಿಕ್ರ ಬೇಷಾಗ್ತದ್ರಿ, ಕೆಳಗಿನವಕ್ಕ ಇಲಿ ಹತ್ಯಾವ,” ಎನ್ನುತ್ತಾರೆ.

ಗುರುವಾರ ಬೆಳಿಗ್ಗೆ ಅವರು ಶಟರುಗಳ ಕಡೆ ಹೋಗುವುದಿಲ್ಲ. ತಮ್ಮ ಬಳಿಯ ಬೀಗದ ಕೈಯಿಂದ ಮುದ್ರಣಾಲಯದ ಬಾಗಿಲು ತೆರೆದು, ಹಿಂದಿನ ಕೋಣೆಯ ಕಿಟಕಿ ಸರಿಸಿ, ದುಂಡು ಹದಿನಾರಿನ ಕೇಸನ್ನು ಮುಂದಕ್ಕೆಳೆಯುತ್ತಾರೆ. ಹಲವು ವರ್ಷಗಳ ಮೇಲೆ ಕೈಗೆ ಮೊಳೆ ಜೋಡಿಸುವ ಸ್ಟಿಕ್ ಬಂದಿದೆ. ಆದರೂ ಬೆರಳಿಗೆ ಕೇಸಿನ ಮನೆಗಳು ಮರೆತಿಲ್ಲ; ‘ಆ’ ಎಲ್ಲಿ, ‘ಯು’ ಎಲ್ಲಿ, ಒತ್ತಕ್ಷರಗಳ ಸಣ್ಣ ಗೂಡು ಯಾವುದು ಎಂದು ಕಣ್ಣು ನೋಡುವ ಮೊದಲೇ ಕೈ ಹೋಗುತ್ತದೆ. ‘ಆಯುಷ್ಮತಿ ಪ್ರಣಾಲಿ’. ಅದರ ಕೆಳಗೆ ಹುಡುಗನ ಹೆಸರು, ಊರು, ದಿನ. ತಾಯಿ ತಂದೆಯ ಹೆಸರಿನಲ್ಲಿ ತಮ್ಮದನ್ನು ಮೊದಲು ಇಡುತ್ತಾರೆ, ತೆಗೆಯುತ್ತಾರೆ, ಮತ್ತೆ ಅಲ್ಲೇ ಇಡುತ್ತಾರೆ. ಚೌಕಟ್ಟು ಬಿಗಿದು, ಬಿಲ್ ಪುಸ್ತಕಗಳಿಗೆ ನಂಬರು ಹೊಡೆಯಲು ಮಾತ್ರ ಉಳಿದಿರುವ ಟ್ರೆಡಲ್ ಯಂತ್ರಕ್ಕೆ ಏರಿಸಿ, ಕಾಲಿನಿಂದ ಒಮ್ಮೆ ತುಳಿಯುತ್ತಾರೆ.

ಶಾಯಿ ಆರುವಷ್ಟರಲ್ಲಿ ಒವೈಸ ಚಹಾದ ಕಿಟ್ಲಿ ಹಿಡಿದು ಬರುತ್ತಾನೆ. ಯಂತ್ರದ ಸದ್ದು ಅವನಿಗೆ ಬೀದಿಯಲ್ಲೇ ಕೇಳಿಸಿದೆ.

“ಯಾರ ಆರ್ಡರ್ ಅಕ್ಕ?”

“ಆರ್ಡರ್ ಅಲ್ಲಪ್ಪ, ಸ್ಯಾಂಪಲ್.”

“ಎಷ್ಟು ತೆಗೀತೀರಿ?”

“ಒಂದೇ.”

ಅವನು ಕಂಪ್ಯೂಟರು ಹಚ್ಚಲು ಮುಂದಿನ ಕೋಣೆಗೆ ಹೋಗುತ್ತಾನೆ. ಆಮ್ರಪಾಲಿ ಕಾರ್ಡನ್ನು ಬಿಳಿ ಹಾಳೆಯಲ್ಲಿ ಸುತ್ತಿ, ಮನೆಗೆ ಒಯ್ಯಲು ಬ್ಯಾಗಿನೊಳಗೆ, ಡಬ್ಬಿಗೆ ತಾಗದ ಹಾಗೆ ಇಡುತ್ತಾರೆ. ದಫ್ತರಕ್ಕೆ ಅಂಟಿಸುವುದಿಲ್ಲ. ಆಮೇಲೆ ಚೌಕಟ್ಟು ಸಡಿಲಿಸಿ, ಸೀಮೆಎಣ್ಣೆಯ ಬಟ್ಟೆಯಿಂದ ಮೊಳೆಗಳ ಮುಖ ಒರೆಸಿ, ಮಗಳ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಅದರದರ ಮನೆಗೆ ಹಾಕುತ್ತ ಹೋಗುತ್ತಾರೆ.